ಅಗಳಿ ಹಾಕದ ಊರು

ಮನೆಯಿಂದ ಹೊರಡುವಾಗ ಬಾಗಿಲಿಗೆ ಬೀಗ ಹಾಕಿ, ಅದನ್ನು ಎರಡು ಬಾರಿ ಜಗ್ಗಿ ನೋಡಿ, ಬೀದಿಯ ತಿರುವನ್ನು ಮುಟ್ಟಿದ ಮೇಲೆ ಮತ್ತೆ ಸಂಶಯ ಬಂದು ಹಿಂದಿರುಗುವ ಗೃಹಸ್ಥರು ಮನೆಗೊಬ್ಬರಾದರೂ ಉಂಟು. ಅಂಥವರನ್ನು ಕೆನಡಾ ದೇಶದ ಚರ್ಚಿಲ್ ಎಂಬ ಊರಿನಲ್ಲಿ ಒಂದು ವಾರ ಇರಿಸಿದರೆ ಅವರಿಗೆ ರಾತ್ರಿ ನಿದ್ರೆ ಹತ್ತುವುದು ಕಷ್ಟ. ಅಲ್ಲಿನ ಜನ ಮನೆಯ ಹೊರಬಾಗಿಲಿಗೆ ಅಗಳಿ ಹಾಕುವುದಿಲ್ಲ. ಬೀದಿಯಲ್ಲಿ ನಿಲ್ಲಿಸಿದ ಮೋಟಾರು ಗಾಡಿಯ ಬಾಗಿಲನ್ನೂ ಬೀಗ ತಿರುಗಿಸದೆ ಹಾಗೆಯೇ ಬಿಡುತ್ತಾರೆ. ಕಳ್ಳಕಾಕರಿಲ್ಲದ ಸತ್ಯಯುಗದ ಊರು ಅದೆಂದು ತಿಳಿಯಬೇಕಾಗಿಲ್ಲ. ಬೀದಿಯಲ್ಲಿ ನಡೆದು ಹೋಗುತ್ತಿರುವವನು, ಅವನು ಯಾರೇ ಆಗಿರಲಿ, ಮೂಲೆ ತಿರುಗಿದಾಗ ನಾಲ್ಕು ನೂರು ಕಿಲೋ ತೂಕದ ಹಿಮಕರಡಿಯೊಂದು ಎದುರಿಗೆ ನಿಂತಿದ್ದರೆ, ಅವನು ಓಡಿ ಬಂದು ನೂಕಿದ ಮೊದಲನೆಯ ಬಾಗಿಲು ತೆರೆದುಕೊಳ್ಳಬೇಕು. ಕದ ತಟ್ಟಿ, "ಯಾರದು?" ಎಂಬ ಪ್ರಶ್ನೆಗೆ ಹೆಸರು ಹೇಳಿ, ಒಳಗಿನವರು ಎದ್ದು ಬಂದು ಚಿಲಕ ತೆಗೆಯುವವರೆಗೆ ಕಾಯುವಷ್ಟು ವ್ಯವಧಾನ ಕರಡಿಗೆ ಇರುವುದಿಲ್ಲ.

ಹೀಗೆ ಮಾಡಬೇಕೆಂದು ಯಾವ ಶಾಸನದ ಬಲವಂತವೂ ಅಲ್ಲಿಲ್ಲ. ನೆರೆಯವರು ಮಾಡುತ್ತಾರೆ, ತಾವೂ ಮಾಡುತ್ತಾರೆ. ಹಿರಿಯರನ್ನು ನೋಡಿ ಮಕ್ಕಳು ಕಲಿಯುತ್ತಾರೆ. ಹೊಸದಾಗಿ ಬಂದವರಿಗೆ ಅದು ಮೊದಲ ದಿನ ವಿಚಿತ್ರವಾಗಿ ಕಾಣುತ್ತದೆ, ಕೆಲವು ದಿನಗಳಲ್ಲಿ ಒಗ್ಗಿಹೋಗುತ್ತದೆ.

ಊರು ಬಹಳ ಚಿಕ್ಕದು. 2021ರ ಜನಗಣತಿಯ ಪ್ರಕಾರ ಅಲ್ಲಿದ್ದವರು 870 ಮಂದಿ. ನಮ್ಮ ನಗರಗಳ ದೊಡ್ಡ ಕಲ್ಯಾಣಮಂಟಪವೊಂದರಲ್ಲಿ ಮುಹೂರ್ತದ ದಿನ ಊಟಕ್ಕೆ ಕೂಡುವ ಜನ ಇದಕ್ಕಿಂತ ಹೆಚ್ಚು. ಮಾನಿಟೋಬಾ ಪ್ರಾಂತದ ಉತ್ತರ ಭಾಗದಲ್ಲಿ, ಹಡ್ಸನ್ ಕೊಲ್ಲಿಯ ಪಶ್ಚಿಮ ತೀರದಲ್ಲಿ, ಚರ್ಚಿಲ್ ನದಿ ಸಮುದ್ರವನ್ನು ಸೇರುವ ಮುಖದಲ್ಲಿ ಈ ಊರಿದೆ. ಇಲ್ಲಿಗೆ ಬರಲು ರಸ್ತೆಯೇ ಇಲ್ಲ. ಪ್ರಾಂತದ ರಾಜಧಾನಿಯಾದ ವಿನ್ನಿಪೆಗ್‌ನಿಂದ ರೈಲು ಹತ್ತಿದರೆ ಸುಮಾರು 1,700 ಕಿಲೋಮೀಟರು. ಎರಡು ರಾತ್ರಿಗಳ ಪ್ರಯಾಣ. ಕೊನೆಯ ಭಾಗದಲ್ಲಿ ರೈಲು ಎತ್ತಿನ ಬಂಡಿಯನ್ನು ನೆನಪಿಗೆ ತರುವಷ್ಟು ನಿಧಾನವಾಗಿ ಸಾಗುತ್ತದೆ. ಹಳಿಯ ಕೆಳಗಿರುವುದು ಜವುಗು, ಅದರ ಕೆಳಗೆ ವರ್ಷವಿಡೀ ಹೆಪ್ಪುಗಟ್ಟಿರುವ ನೆಲ. ಕಿಟಕಿಯ ಹೊರಗೆ ದಟ್ಟವಾಗಿದ್ದ ಕಾಡು ತೆಳುವಾಗುತ್ತ, ಮರಗಳು ಕುಳ್ಳಾಗುತ್ತ ಬಂದು, ಕಡೆಗೆ ಗಾಳಿಯ ಹೊಡೆತಕ್ಕೆ ಒಂದು ಪಕ್ಕದ ಕೊಂಬೆಗಳನ್ನೆಲ್ಲ ಕಳೆದುಕೊಂಡು, ಇನ್ನೊಂದು ಪಕ್ಕದಲ್ಲಿ ಮಾತ್ರ ಕೊಂಬೆ ಚಾಚಿದ, ಬಾವುಟದಂಥ ಒಂಟಿ ಮರಗಳು ಉಳಿಯುತ್ತವೆ. ಜನವರಿಯ ಸರಾಸರಿ ಶೈತ್ಯ ಸೊನ್ನೆಗಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗೆ.

ಹೆಸರನ್ನು ಕೇಳಿದೊಡನೆ ಸಿಗಾರು ಕಚ್ಚಿದ ಇಂಗ್ಲೆಂಡಿನ ಪ್ರಧಾನಿಯ ನೆನಪಾಗುವುದು ಸಹಜ. ಆದರೆ ನದಿಗೂ ಊರಿಗೂ ಹೆಸರು ಕೊಟ್ಟವನು ಆತನ ಪೂರ್ವಿಕ ಜಾನ್ ಚರ್ಚಿಲ್; ಹದಿನೇಳನೆಯ ಶತಮಾನದ ಕೊನೆಯಲ್ಲಿ ಹಡ್ಸನ್ಸ್ ಬೇ ಕಂಪೆನಿಯ ಅಧ್ಯಕ್ಷನಾಗಿದ್ದವನು. ನಮ್ಮ ದೇಶಕ್ಕೆ ಬಂದ ಕಂಪೆನಿ ಮೆಣಸು, ಬಟ್ಟೆಗಳನ್ನು ಹುಡುಕಿಕೊಂಡು ಬಂದಿತು. ಅದರ ದಾಯಾದಿಯಂತಿದ್ದ ಈ ಕಂಪೆನಿ ಪ್ರಾಣಿಗಳ ತುಪ್ಪುಳು ತೊಗಲನ್ನು ಹುಡುಕಿಕೊಂಡು ಉತ್ತರಕ್ಕೆ ಹೋಯಿತು.

ಇನ್ನು ಕರಡಿಗಳ ವಿಚಾರ. ಜಗತ್ತಿನಲ್ಲಿ ಹಿಮಕರಡಿ ಇರುವ ಕಡೆ ಜನವಸತಿ ವಿರಳ. ಹಾಗಿದ್ದರೂ ಇದೊಂದು ಊರಿನ ಬಾಗಿಲಿಗೇ ಅವು ಬಂದು ನೆರೆಯುವುದೇಕೆ? ಹಿಮಕರಡಿಯ ಅನ್ನವೆಂದರೆ ಸೀಲ್ ಪ್ರಾಣಿ. ಸೀಲನ್ನು ತೆರೆದ ನೀರಿನಲ್ಲಿ ಬೆನ್ನಟ್ಟಿ ಹಿಡಿಯುವುದು ಕರಡಿಗೆ ಸಾಮಾನ್ಯವಾಗಿ ಆಗದ ಮಾತು. ಸಮುದ್ರ ಹೆಪ್ಪುಗಟ್ಟಿರಬೇಕು, ಸೀಲು ಉಸಿರಿಗಾಗಿ ಮಂಜುಗಡ್ಡೆಯಲ್ಲಿ ತೂತು ಮಾಡಿಕೊಂಡಿರಬೇಕು, ಕರಡಿ ಆ ತೂತಿನ ಬಳಿ ಗಂಟೆಗಟ್ಟಲೆ ಮಿಸುಕದೆ ಕಾದಿದ್ದು, ಮೂತಿ ಮೇಲೆ ಬಂದ ಕ್ಷಣ ಹೊಡೆಯಬೇಕು. ಹಡ್ಸನ್ ಕೊಲ್ಲಿಯ ಮಂಜು ಬೇಸಗೆಯಲ್ಲಿ ಪೂರ್ತಿಯಾಗಿ ಕರಗಿಹೋಗುತ್ತದೆ. ಆದುದರಿಂದ ಜುಲೈ ಹೊತ್ತಿಗೆ ಕರಡಿಗಳು ವಿಧಿಯಿಲ್ಲದೆ ನೆಲಕ್ಕೆ ಬರುತ್ತವೆ. ವಸಂತದಲ್ಲಿ ತಿಂದು ಕೂಡಿಸಿಕೊಂಡ ಕೊಬ್ಬನ್ನೇ ಕರಗಿಸಿಕೊಳ್ಳುತ್ತ, ಕರಾವಳಿಯಲ್ಲಿ ಮಲಗಿ ಹೊರಳಾಡುತ್ತ, ಚಳಿಗಾಲದ ದಾರಿ ಕಾಯುತ್ತವೆ. ಮನುಷ್ಯರು ಏಕಾದಶಿಯ ಒಂದು ದಿನಕ್ಕೆ ಸಂಜೆಯ ಹೊತ್ತಿಗೇ ಬಳಲುತ್ತಾರೆ. ಇವುಗಳದ್ದು ನಾಲ್ಕು ತಿಂಗಳಿನ ಏಕಾದಶಿ.

ನವೆಂಬರ್ ಸಮೀಪಿಸಿದಂತೆ ಕರಡಿಗಳು ತೀರವನ್ನು ಹಿಡಿದು ಉತ್ತರಕ್ಕೆ ನಡೆಯತೊಡಗುತ್ತವೆ. ಎಲ್ಲ ಕಡೆಗಿಂತ ಮೊದಲು ಮಂಜು ಕಟ್ಟುವ ಸ್ಥಳಗಳಲ್ಲಿ ಒಂದು ಚರ್ಚಿಲ್ಲಿನ ಆಸುಪಾಸು. ನದಿಯ ಸಿಹಿನೀರು ಉಪ್ಪುನೀರಿಗಿಂತ ಬೇಗ ಹೆಪ್ಪುಗಟ್ಟುತ್ತದೆ. ಉತ್ತರದಿಂದ ಬೀಸುವ ಗಾಳಿ ತೇಲುವ ಮಂಜನ್ನು ತಂದು ಈ ತೀರಕ್ಕೇ ಒತ್ತುತ್ತದೆ. ಕರಡಿಗಳಿಗೆ ಇದು ಎಷ್ಟೋ ತಲೆಮಾರುಗಳಿಂದ ಗೊತ್ತಿರುವ ಘಾಟು. ಮನುಷ್ಯ ತನ್ನ ಊರನ್ನು ಕಟ್ಟಿದ್ದು ಸರಿಯಾಗಿ ಆ ಘಾಟಿನ ಪಕ್ಕದಲ್ಲಿ.

"ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ" ಎಂಬ ಗಾದೆ ನಮ್ಮಲ್ಲಿದೆ. ಅಲ್ಲಿರುವುದು ಕರಡಿಯೇ ಅಲ್ಲ, ಲಿಂಗವನ್ನಿಡುವ 'ಕರಡಿಗೆ' ಎಂದು ವಾದಿಸುವ ವಿದ್ವಾಂಸರೂ ಉಂಟು. ಆ ವ್ಯಾಜ್ಯ ಇಲ್ಲಿ ಬೇಡ. ಗಾದೆಯನ್ನು ಜನ ಬಳಸುವ ಅರ್ಥದಲ್ಲಿಯೇ ತೆಗೆದುಕೊಂಡರೂ, ಚರ್ಚಿಲ್ಲಿನಲ್ಲಿ ಯಾರ ಪೂಜೆಯ ನಡುವೆ ಯಾರು ನುಗ್ಗಿದರು ಎಂದು ಕೇಳಿದರೆ ಉತ್ತರ ಹೇಳುವುದಕ್ಕೆ ಮನುಷ್ಯನಿಗೆ ಸ್ವಲ್ಪ ಸಂಕೋಚವಾಗಬೇಕು.

ನುಗ್ಗಿದವರಿಗೆ ಆ ನೆಲ ಸುಲಭವಾಗಿ ಒಲಿಯಲಿಲ್ಲ. ಕ್ರೀ, ಡೆನೆ, ಇನುಇಟ್ ಜನ ಅನಾದಿಯಿಂದ ಆ ಸೀಮೆಯಲ್ಲಿ ಬೇಟೆಯಾಡಿ ಬದುಕಿದ್ದವರು. ಅವರಿಗೆ ಅಲ್ಲಿನ ರೀತಿನೀತಿ ತಿಳಿದಿತ್ತು. 1619ರಲ್ಲಿ ಡೆನ್ಮಾರ್ಕಿನ ನಾವಿಕ ಯೆನ್ಸ್ ಮುಂಕ್ ಎರಡು ಹಡಗುಗಳಲ್ಲಿ 64 ಮಂದಿಯೊಡನೆ ಈ ನದಿಮುಖಕ್ಕೆ ಬಂದು ಚಳಿಗಾಲ ಕಳೆಯಬೇಕಾಯಿತು. ಮರುವರ್ಷದ ಬೇಸಗೆಯ ಹೊತ್ತಿಗೆ ಬದುಕಿ ಉಳಿದವರು ಆತನೂ ಸೇರಿ ಮೂವರು. ಆ ಮೂವರೇ ಚಿಕ್ಕ ಹಡಗನ್ನು ನಡೆಸಿಕೊಂಡು ಅಟ್ಲಾಂಟಿಕ್ ಸಾಗರ ದಾಟಿ ಊರು ಸೇರಿದರೆಂಬುದು ನಾವಿಕರ ಇತಿಹಾಸದ ಅದ್ಭುತಗಳಲ್ಲೊಂದು. 1717ರಲ್ಲಿ ಕಂಪೆನಿ ಇಲ್ಲಿ ಕೋಠಿ ತೆರೆಯಿತು. 1731ರಲ್ಲಿ ಆರಂಭಿಸಿ ನಾಲ್ಕು ದಶಕ ಹೆಣಗಿ ನಕ್ಷತ್ರಾಕಾರದ ಕಲ್ಲಿನ ಕೋಟೆ ಕಟ್ಟಿತು. ಅಷ್ಟು ಕಷ್ಟಪಟ್ಟು ಕಟ್ಟಿದ ಕೋಟೆಯನ್ನು 1782ರಲ್ಲಿ ಫ್ರೆಂಚ್ ಹಡಗುಗಳು ಬಂದಾಗ ಒಂದು ಗುಂಡನ್ನೂ ಹಾರಿಸದೆ ಒಪ್ಪಿಸಿಬಿಟ್ಟರು. ಒಳಗಿದ್ದ ಬೆರಳೆಣಿಕೆಯ ವ್ಯಾಪಾರಿಗಳು ಮತ್ತೇನು ಮಾಡಿಯಾರು? 1769ರ ಶುಕ್ರ ಸಂಕ್ರಮವನ್ನು ನೋಡಲು ಇಂಗ್ಲೆಂಡಿನಿಂದ ಇಬ್ಬರು ಜ್ಯೋತಿರ್ವಿಜ್ಞಾನಿಗಳು ಇಲ್ಲಿಗೆ ಬಂದಿದ್ದರು. ಜೂನ್ ತಿಂಗಳ ಕೆಲವು ಗಂಟೆಗಳ ನೋಟಕ್ಕಾಗಿ ಅವರು ಹಿಂದಿನ ಬೇಸಗೆಯಲ್ಲಿಯೇ ಬಂದು ಇಡೀ ಚಳಿಗಾಲ ನಡುಗುತ್ತ ಕುಳಿತಿರಬೇಕಾಯಿತು. ಹಡಗು ಬರುವ ದಾರಿ ವರ್ಷದಲ್ಲಿ ಕೆಲವೇ ವಾರ ತೆರೆದಿರುತ್ತಿತ್ತು.

ಈಗಿನ ಊರು ಬೆಳೆದದ್ದು ರೈಲಿನಿಂದ. ಕೆನಡಾದ ಬಯಲುಸೀಮೆಯ ಗೋಧಿಯನ್ನು ಹತ್ತಿರದ ದಾರಿಯಲ್ಲಿ ಯೂರೋಪಿಗೆ ಸಾಗಿಸಬೇಕೆಂದು 1929ರಲ್ಲಿ ಹಳಿ ಮುಗಿಸಿದರು. 1931ರಲ್ಲಿ ಬಂದರು ತೆರೆಯಿತು. ಗಗನಕ್ಕೆ ಎದ್ದ ಧಾನ್ಯದ ಕಣಜ ಇಂದಿಗೂ ಊರಿನ ಅತಿ ಎತ್ತರದ ಕಟ್ಟಡ. 1942ರಲ್ಲಿ ಎರಡನೆಯ ಮಹಾಯುದ್ಧದ ನಿಮಿತ್ತ ಸೈನ್ಯ ಬಂದಿತು. ಯುದ್ಧಾನಂತರವೂ ಸಾವಿರಾರು ಸೈನಿಕರು, ನೌಕರರು, ಅವರ ಸಂಸಾರಗಳು ಇಲ್ಲಿ ನೆಲಸಿದ್ದವು. 1950ರ ದಶಕದಿಂದ ಇಲ್ಲಿ ವಿಜ್ಞಾನಿಗಳು ಆಕಾಶಕ್ಕೆ ರಾಕೆಟ್ಟುಗಳನ್ನೂ ಹಾರಿಸಿದರು. ಸಾವಿರಾರು ಜನವೆಂದರೆ ಸಾವಿರಾರು ಜನರ ಕಸ. ಊರ ಹೊರಗೆ ತಿಪ್ಪೆ ಬೆಳೆಯಿತು. ನಾಲ್ಕು ತಿಂಗಳ ಉಪವಾಸದ ಪ್ರಾಣಿಗೆ ಮಾಂಸದ ಮೂಳೆ, ಹಳಸಿದ ಅಡಿಗೆಗಳ ವಾಸನೆ ಹಲವು ಮೈಲಿ ದೂರದಿಂದ ತಗಲುವುದು ಆಶ್ಚರ್ಯವಲ್ಲ. ಕರಡಿಗಳು ತಿಪ್ಪೆಗೆ ಬಂದವು, ತಿಪ್ಪೆಯಿಂದ ಬೀದಿಗೆ ಬಂದವು. ಬೀದಿಗೆ ಬಂದುದನ್ನು ಗುಂಡಿಕ್ಕಿ ಕೊಂದರು. ಆಗ ಅದಕ್ಕೆ ಬೇರೆ ಮಾರ್ಗವುಂಟೆಂದು ಹೆಚ್ಚು ಜನ ಯೋಚಿಸಿದಂತೆ ಕಾಣುವುದಿಲ್ಲ.

ಅದೇ ತಿಪ್ಪೆಗೆ ಮನುಷ್ಯರೂ ಬಂದರು ಎಂಬುದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಕ್ಯಾರಿಬೂ ಜಿಂಕೆಗಳ ಬೇಟೆಯಿಂದ ಬದುಕುತ್ತಿದ್ದ ಸಾಯಿಸಿ ಡೆನೆ ಎಂಬ ಪಂಗಡದವರನ್ನು, ಅವರ ಬೇಟೆಯಿಂದ ಜಿಂಕೆಗಳು ನಾಶವಾಗುತ್ತಿವೆಯೆಂದು ಭಾವಿಸಿ, 1956ರಲ್ಲಿ ಸರ್ಕಾರ ವಿಮಾನಗಳಲ್ಲಿ ತಂದು ಚರ್ಚಿಲ್ಲಿನ ಅಂಚಿನಲ್ಲಿ ಇಳಿಸಿತು. ಇರಲು ಸರಿಯಾದ ಮನೆಯಿಲ್ಲ, ಮಾಡಲು ಕೆಲಸವಿಲ್ಲ, ತಿಳಿದ ಬೇಟೆಯಿಲ್ಲ. ತಿಪ್ಪೆಯಲ್ಲಿ ಆಹಾರ ಹುಡುಕುವ ದುಸ್ಥಿತಿ ಒದಗಿತು. ಚಳಿ, ರೋಗ, ಬೆಂಕಿ, ಕುಡಿತಗಳಿಂದ ನೂರಕ್ಕೂ ಹೆಚ್ಚು ಮಂದಿ ಸತ್ತರು. 1973ರಲ್ಲಿ ಉಳಿದವರು ತಾವೇ ಹೊರಟು ದೂರದ ಟಾಡೂಲ್ ಸರೋವರದ ತೀರಕ್ಕೆ ಹೋಗಿ ಹೊಸ ಹಳ್ಳಿ ಕಟ್ಟಿಕೊಂಡರು. ಕೆನಡಾ ಸರ್ಕಾರ ಅವರಲ್ಲಿ ಕ್ಷಮೆ ಬೇಡಿದ್ದು 2016ರಲ್ಲಿ. ಈ ಊರಿನಲ್ಲಿ ಹಿಮಕರಡಿಗಳಿಂದ ಸತ್ತವರು ಇಬ್ಬರೆಂದು ಪ್ರವಾಸಿಗಳಿಗೆಲ್ಲ ಹೇಳುತ್ತಾರೆ. ಕಡತಗಳಿಂದ ಸತ್ತವರ ಲೆಕ್ಕವನ್ನೂ ಜೊತೆಗೆ ಹೇಳಿದರೆ ಕರಡಿಯ ಗುಣ ಸ್ವಲ್ಪ ಮೇಲೆಂದು ತೋರಬಹುದು.

ಆ ಇಬ್ಬರಲ್ಲಿ ಮೊದಲನೆಯವನು 1968ರಲ್ಲಿ ಸತ್ತ ಹತ್ತೊಂಬತ್ತು ವರ್ಷದ ಇನುಇಟ್ ವಿದ್ಯಾರ್ಥಿ. ಎರಡನೆಯ ಸಾವು 1983ರ ನವೆಂಬರಿನದು. ಬೆಂಕಿ ಬಿದ್ದು ಸುಟ್ಟಿದ್ದ ಹೋಟೆಲೊಂದರ ಅವಶೇಷದೊಳಗೆ ಒಬ್ಬಾತ ರಾತ್ರಿ ಹೊತ್ತು ಹೊಕ್ಕು, ಅಲ್ಲಿ ಉಳಿದಿದ್ದ ಮಾಂಸವನ್ನು ಅಂಗಿಯ ಜೇಬುಗಳಲ್ಲಿ ತುಂಬಿಕೊಂಡು ಹೊರಬರುತ್ತಿದ್ದಾಗ ಅದೇ ಮಾಂಸದ ವಾಸನೆ ಹಿಡಿದು ಬಂದ ಕರಡಿಗೆ ಸಿಕ್ಕಿದ. ಹಸಿದ ಮನುಷ್ಯ, ಹಸಿದ ಪ್ರಾಣಿ. ಇಬ್ಬರೂ ಬಂದದ್ದು ಒಂದೇ ಉಗ್ರಾಣಕ್ಕೆ.

1968ರ ಸಾವಿನ ಅನಂತರ ಪ್ರಾಂತದ ಸರ್ಕಾರ ಕರಡಿಗಳ ಹತೋಟಿಗೆಂದೇ ಕಾವಲು ವ್ಯವಸ್ಥೆಯನ್ನು ಏರ್ಪಡಿಸಿತು. 1973ರಲ್ಲಿ ಹಿಮಕರಡಿಗಳಿರುವ ಐದು ದೇಶಗಳು ಓಸ್ಲೋ ನಗರದಲ್ಲಿ ಕೂಡಿ ಅವುಗಳ ರಕ್ಷಣೆಗೆ ಒಪ್ಪಂದ ಮಾಡಿಕೊಂಡವು. ಬಂದುದನ್ನೆಲ್ಲ ಕೊಲ್ಲುವ ಪದ್ಧತಿ ಇನ್ನು ಸಲ್ಲದೆಂದಾಯಿತು. ಹಾಗಾದರೆ ಬಂದುದನ್ನು ಏನು ಮಾಡತಕ್ಕದ್ದು? ಆಗ ಹೊಳೆದದ್ದು ಸೆರೆಮನೆ.

ವಿನೋದಕ್ಕೆ ಹೇಳಿದ ಮಾತಲ್ಲ. ಸೈನ್ಯ ಬಿಟ್ಟುಹೋದ ದೊಡ್ಡ ಉಗ್ರಾಣವೊಂದನ್ನು 1982ರ ಸುಮಾರಿಗೆ ಕರಡಿಗಳನ್ನು ಹಿಡಿದಿಡುವ ಮನೆಯನ್ನಾಗಿ ಮಾಡಿದರು. ಅದರಲ್ಲಿ 28 ಕೋಣೆಗಳಿವೆ. ಊರಿನವರು ಅದನ್ನು 'ಕರಡಿ ಜೈಲು' ಎಂದೇ ಕರೆಯುತ್ತಾರೆ. ಊರಿನ ಸುತ್ತ ಅಲ್ಲಲ್ಲಿ ಬೋನುಗಳನ್ನು ಒಡ್ಡಿರುತ್ತಾರೆ. ಮೋರಿಗೆ ಬಳಸುವಂಥ ಉಕ್ಕಿನ ದೊಡ್ಡ ಕೊಳವೆಗೆ ಗಾಲಿ ಜೋಡಿಸಿ, ಒಳಗೆ ಸೀಲಿನ ಮಾಂಸ ತೂಗುಹಾಕಿದ ಬೋನು ಅದು. ಮಾಂಸವನ್ನು ಎಳೆದರೆ ಹಿಂದಿನ ಬಾಗಿಲು ಬೀಳುತ್ತದೆ. ಪಟಾಕಿಯಂತೆ ಸಿಡಿಯುವ ತೋಟಾಗಳ ಸದ್ದಿಗೂ ಹೆದರದೆ ಊರೊಳಗೆ ಬಂದ ಕರಡಿ ಹೀಗೆ ಸಿಕ್ಕಿಯೋ, ಮತ್ತು ಬರಿಸುವ ಮದ್ದಿನ ಸೂಜಿ ಬಿದ್ದೋ ಸೆರೆಮನೆ ಸೇರುತ್ತದೆ.

ಸೆರೆಯಲ್ಲಿ ಅದಕ್ಕೆ ಊಟವಿಲ್ಲ. ಕುಡಿಯಲು ನೀರು, ನೆಕ್ಕಲು ಹಿಮ, ಅಷ್ಟೇ. ಕೇಳಿದವರಿಗೆ ಇದು ಕ್ರೌರ್ಯವೆನಿಸುತ್ತದೆ. ಆದರೆ ಆ ಋತುವಿನಲ್ಲಿ ಹೊರಗಿದ್ದರೂ ಅದು ಉಪವಾಸವೇ. ಊರಿಗೆ ಹೋದರೆ ಊಟ ಸಿಗುತ್ತದೆ ಎಂಬ ಪಾಠವನ್ನು ಒಮ್ಮೆ ಕಲಿತ ಕರಡಿ ಮತ್ತೆ ಬರುತ್ತದೆ; ಮತ್ತೆ ಮತ್ತೆ ಬಂದ ಕರಡಿಯನ್ನು ಕಡೆಗೆ ಕೊಲ್ಲಬೇಕಾಗುತ್ತದೆ. ಅನ್ನ ಹಾಕದಿರುವುದೇ ಅದರ ಪ್ರಾಣವನ್ನು ಉಳಿಸುವ ಉಪಾಯ. ಮನೆಗೆ ಬಂದ ಹಸಿದ ಜೀವಕ್ಕೆ ತುತ್ತು ಹಾಕದೆ ಕಳುಹಿಸಬಾರದೆಂದು ನಂಬಿ ಬೆಳೆದವರಿಗೆ ಈ ಧರ್ಮ ಸುಲಭವಾಗಿ ಜೀರ್ಣವಾಗುವುದಿಲ್ಲ. ಸುಮಾರು ಒಂದು ತಿಂಗಳಾದ ಮೇಲೆಯೋ, ಅಥವಾ ಕೊಲ್ಲಿ ಹೆಪ್ಪುಗಟ್ಟಿದೊಡನೆಯೋ, ಸೆರೆಯಾಳನ್ನು ಬಲೆಯಲ್ಲಿ ಮಲಗಿಸಿ ಹೆಲಿಕಾಪ್ಟರಿನ ಕೆಳಗೆ ತೂಗುಹಾಕಿ ಊರಿನಿಂದ ದೂರ ಒಯ್ದು ಬಿಡುತ್ತಾರೆ. ತಾಯಿ ಬಲೆಯಲ್ಲಿ ತೂಗಿದರೆ ಚಿಕ್ಕ ಮರಿಗಳಿಗೆ ಹೆಲಿಕಾಪ್ಟರಿನೊಳಗೆ ಜಾಗ.

ಊರಿನವರು ತಮ್ಮನ್ನೂ ತಿದ್ದಿಕೊಂಡರು. 2005ರಲ್ಲಿ ಬಯಲು ತಿಪ್ಪೆಯನ್ನು ಮುಚ್ಚಿ, ಕಸವನ್ನು ಕಟ್ಟಡದೊಳಗೆ ಕೂಡಿಡುವ ಏರ್ಪಾಡು ಮಾಡಿದರು. ಕರಡಿಯ ದುರಭ್ಯಾಸವನ್ನು ಬಿಡಿಸಲು ಮೂವತ್ತು ವರ್ಷ ಪಟಾಕಿ ಹೊಡೆದದ್ದಕ್ಕಿಂತ ಈ ಒಂದು ಕೆಲಸ ಹೆಚ್ಚು ಬುದ್ಧಿವಂತಿಕೆಯದೆನ್ನಬೇಕು. ಕರಡಿಯನ್ನು ಕಂಡವರು ಕೂಡಲೆ ಕಾವಲಿನವರಿಗೆ ತಿಳಿಸಲು ದೂರವಾಣಿಯ ಸಂಖ್ಯೆಯೊಂದಿದೆ. ಅದರ ಕೊನೆಯ ನಾಲ್ಕು ಅಂಕಿಗಳನ್ನು ದೂರವಾಣಿಯ ಮೇಲಿನ ಅಕ್ಷರಗಳಲ್ಲಿ ಓದಿದರೆ ಇಂಗ್ಲಿಷಿನ 'ಬೇರ್' ಎಂಬ ಪದವಾಗುತ್ತದೆ. ಎರಡು ವರ್ಷದ ಕೂಸೂ ಮರೆಯಲಾರದು. ರಾತ್ರಿ ಹತ್ತು ಗಂಟೆಗೆ ಸೈರನ್ ಕೂಗುತ್ತದೆ. ಮಕ್ಕಳು ಮನೆ ಸೇರಬೇಕೆಂಬ ಸೂಚನೆ. ಊರಿನ ಹೊರಗಿನ ಒಂಟಿ ಗುಡಿಸಲುಗಳಲ್ಲಿ ಬಾಗಿಲು ಕಿಟಕಿಗಳ ಮುಂದೆ ಮೊಳೆಗಳ ಮೊನೆ ಮೇಲಾಗಿ ಹೊಡೆದ ಹಲಗೆಗಳನ್ನು ಹಾಸಿರುತ್ತಾರೆ. ಶಾಲೆ, ಗ್ರಂಥಾಲಯ, ಈಜುಕೊಳ, ಚಲನಚಿತ್ರ ಮಂದಿರ, ಮಂಜಿನ ಮೇಲೆ ಜಾರುವ ಆಟದ ಅಂಗಳ, ಎಲ್ಲವನ್ನೂ 1970ರ ದಶಕದಲ್ಲಿ ಒಂದೇ ಮಾಡಿನ ಕೆಳಗೆ ಕಟ್ಟಿದರು. ಚಳಿಗಾಗಿ ಕಟ್ಟಿದ್ದು ಕರಡಿಗೂ ಒದಗಿತು.

ಅಕ್ಟೋಬರ್ 31ರ ಸಂಜೆ ಪಾಶ್ಚಾತ್ಯ ದೇಶಗಳಲ್ಲಿ ಹಾಲೋವೀನ್ ಎಂಬ ಹಬ್ಬ. ಮಕ್ಕಳು ಭೂತಪ್ರೇತಗಳ ವೇಷ ಹಾಕಿ ಮನೆಮನೆಗೂ ಹೋಗಿ ಮಿಠಾಯಿ ಕೇಳುತ್ತಾರೆ. ದೈವಸಂಕಲ್ಪವೋ ಏನೋ, ಚರ್ಚಿಲ್ಲಿನಲ್ಲಿ ಕರಡಿಗಳು ಅತಿ ಹೆಚ್ಚಾಗಿ ನೆರೆಯುವ ಕಾಲವೂ ಅದೇ. ಬೇರೆ ಯಾವ ಊರಾದರೂ ಹಬ್ಬವನ್ನೇ ಕೈಬಿಡುತ್ತಿತ್ತು. ಇವರು ಬಿಡಲಿಲ್ಲ. ಆ ದಿನ ಹೆಲಿಕಾಪ್ಟರ್ ಊರಿನ ಸುತ್ತ ಹಾರಿ ಕರಡಿಗಳನ್ನು ಪತ್ತೆಮಾಡುತ್ತದೆ. ಕತ್ತಲಾದ ಮೇಲೆ ಪೊಲೀಸರು, ಬೆಂಕಿ ಆರಿಸುವವರು, ವನ್ಯಜೀವಿ ಅಧಿಕಾರಿಗಳು ತಂತಮ್ಮ ಗಾಡಿಗಳ ದೀಪ ಹೊತ್ತಿಸಿಕೊಂಡು ಊರಿನ ಅಂಚನ್ನು ಕಾಯುತ್ತಾರೆ. ಒಳಗೆ ಮಕ್ಕಳು ಚೀಲ ಹಿಡಿದು ಓಡಾಡುತ್ತವೆ. ಮಕ್ಕಳಿಗೆ ನಿಯಮ ಒಂದೇ: ಬಿಳಿಯ ವೇಷ ಕೂಡದು. ಬಿಳಿ ಬಟ್ಟೆ ಹೊದ್ದ ಭೂತವನ್ನು ಕತ್ತಲಲ್ಲಿ ಕಾವಲುಗಾರ ಏನೆಂದು ತಿಳಿದಾನು!

ಇಷ್ಟು ಕಾವಲಿದ್ದೂ ಕಾಲ ಒಮ್ಮೊಮ್ಮೆ ಕೈಮೀರುತ್ತದೆ. 2013ರಲ್ಲಿ ಹಬ್ಬದ ರಾತ್ರಿ ಮುಗಿದು, ನವೆಂಬರ್ 1ರ ಬೆಳಗಿನ ಜಾವ ಐದರ ಸುಮಾರಿಗೆ, ಔತಣ ಮುಗಿಸಿ ಗೆಳೆಯರೊಡನೆ ಮನೆಗೆ ನಡೆಯುತ್ತಿದ್ದ ತರುಣಿಯೊಬ್ಬಳ ಮೇಲೆ ಕರಡಿ ಎರಗಿತು. ಅವಳ ಚೀತ್ಕಾರ ಕೇಳಿ ಪಕ್ಕದ ಮನೆಯ ಮುದುಕರೊಬ್ಬರು ಹೊರಗೆ ಬಂದರು; ವಯಸ್ಸು 69. ಕೈಗೆ ಸಿಕ್ಕಿದ್ದು ಹಿಮ ಎತ್ತುವ ಸಲಿಕೆ. ಕರಡಿಯ ಬಾಯಲ್ಲಿ ಹುಡುಗಿಯ ತಲೆ ಸಿಕ್ಕಿತ್ತು. ಮುದುಕರು ಹತ್ತಿರ ಹೋಗಿ ಸಲಿಕೆಯಿಂದ ಕರಡಿಯ ಕಣ್ಣಿಗೆ ಹೊಡೆದರು. ಕರಡಿ ಅವಳನ್ನು ಬಿಟ್ಟು ಇವರನ್ನು ಕೆಡವಿಕೊಂಡಿತು. ಒಂದು ಕಿವಿ ಹರಿದುಹೋಯಿತು. ಅಷ್ಟರಲ್ಲಿ ನೆರೆಯವರು ಎದ್ದರು. ಒಬ್ಬಾತ ತನ್ನ ಮೋಟಾರನ್ನು ದೀಪ ಬೆಳಗಿಸಿಕೊಂಡು, ಹಾರನ್ ಬಾರಿಸುತ್ತ ನೇರವಾಗಿ ಕರಡಿಯ ಮೇಲಕ್ಕೇ ನಡೆಸಿದ. ಕರಡಿ ಹಿಮ್ಮೆಟ್ಟಿತು. ಇಬ್ಬರೂ ಬದುಕಿಕೊಂಡರು. ಕರಡಿಯನ್ನು ಆಮೇಲೆ ಅಧಿಕಾರಿಗಳು ಕೊಂದರು. ಗಾಯ ಮಾಯ್ದ ಬಳಿಕ ಆ ತರುಣಿ ಮತ್ತೆ ಅದೇ ಊರಿಗೆ ಹಿಂದಿರುಗಿದಳು.

ಮುದುಕರು ಹೊರಬಂದಾಗ ಲೆಕ್ಕ ಹಾಕಿದ್ದರೆ ಹೊರಗೆ ಬರುತ್ತಲೇ ಇರಲಿಲ್ಲ. ಆದರೆ ಅಗಳಿ ಹಾಕದೆ ಮಲಗುವ ಊರಿನಲ್ಲಿ, ಬಾಗಿಲ ಹೊರಗೆ ಕೂಗಿದವರ ಕೂಗು ತನಗೆ ಸಂಬಂಧಿಸಿದ್ದೆಂದು ತಿಳಿಯುವ ಅಭ್ಯಾಸ ಬಹುಶಃ ಕಿವಿಗಳಿಗೇ ಆಗಿಬಿಟ್ಟಿರುತ್ತದೆ.

ಕರಡಿ ಹೆದರಿಸುವ ಪ್ರಾಣಿಯೂ ಹೌದು, ಊರಿಗೆ ಅನ್ನ ಹಾಕುವ ಪ್ರಾಣಿಯೂ ಹೌದು. ಸೈನ್ಯ ಹೋಯಿತು, ರಾಕೆಟ್ಟು ಹೋಯಿತು, ಬಂದರಿನ ಗೋಧಿ ವ್ಯಾಪಾರ 2016ರಲ್ಲಿ ನಿಂತು ಮತ್ತೆ 2019ರಲ್ಲಿ ಚೇತರಿಸಿಕೊಂಡಿತು. ಕರಡಿಗಳನ್ನು ನೋಡಲು ಜಗತ್ತಿನ ಎಲ್ಲೆಡೆಯಿಂದ ಬರುವ ಪ್ರವಾಸಿಗಳು ಮಾತ್ರ ಬರುತ್ತಲೇ ಇದ್ದಾರೆ. ಮನುಷ್ಯನೆತ್ತರದ ಚಕ್ರಗಳ ಮೇಲೆ ಮನೆಯೊಂದನ್ನು ಕೂರಿಸಿದಂತಿರುವ 'ಟಂಡ್ರಾ ಬಗ್ಗಿ' ಎಂಬ ಗಾಡಿಗಳಲ್ಲಿ ಅವರು ಕುಳಿತಿರುತ್ತಾರೆ. ಕರಡಿ ಹಿಂಗಾಲ ಮೇಲೆ ನಿಂತು, ಗಾಡಿಯ ಪಕ್ಕಕ್ಕೆ ಮುಂಗಾಲು ಊರಿ ಅವರನ್ನು ಮೂಸುತ್ತದೆ. ಬೋನಿನಲ್ಲಿರುವವರು ಇಲ್ಲಿ ಮನುಷ್ಯರು.

ರೈಲೊಂದು ಇಲ್ಲದಿದ್ದರೆ ಏನಾಗುತ್ತದೆಂಬುದು 2017ರಲ್ಲಿ ತಿಳಿಯಿತು. ಆ ವರ್ಷದ ಮೇ ತಿಂಗಳಲ್ಲಿ ಹಿಮ ಕರಗಿ ಬಂದ ಪ್ರವಾಹ ಹಳಿಯನ್ನು ಹಲವು ಕಡೆ ಕೊಚ್ಚಿಕೊಂಡು ಹೋಯಿತು. ಹದಿನೇಳು ತಿಂಗಳ ಕಾಲ ರೈಲಿಲ್ಲ. ಹಾಲು, ತರಕಾರಿ, ಮಕ್ಕಳ ಆಹಾರವೆಲ್ಲ ವಿಮಾನದಲ್ಲಿ ಬರಬೇಕು. ಬೆಲೆ ಕೇಳಿದವರು ಕೈಗೆತ್ತಿಕೊಂಡುದನ್ನು ಮತ್ತೆ ಕಪಾಟಿನಲ್ಲಿಡಬೇಕು. ಚಳಿಗಾಲದ ಉರುವಲು ಅನಿಲ ಹಡಗಿನಲ್ಲಿ ಬಂದಿತು. ಎಷ್ಟೋ ಸಂಸಾರಗಳು ಊರು ಬಿಡುವ ಮಾತಾಡಿದವು, ಕೆಲವು ಬಿಟ್ಟೂ ಹೋದವು. 2018ರ ಅಕ್ಟೋಬರ್ ಕೊನೆಯ ದಿನ ಮೊದಲ ರೈಲು ಬಂದು ಶಿಳ್ಳೆ ಹಾಕಿದಾಗ ಜನ ನಿಲ್ದಾಣಕ್ಕೆ ಓಡಿದರು. ಅದೂ ಹಾಲೋವೀನ್ ಸಂಜೆಯೇ.

ಹಳಿಯ ಕೆಳಗಿನ ನೆಲ ಮೆತ್ತಗಾಗುತ್ತಿರುವುದಕ್ಕೂ ಕರಡಿಗಳ ಕಷ್ಟಕ್ಕೂ ಕಾರಣ ಒಂದೇ: ಭೂಮಿ ಬಿಸಿಯಾಗುತ್ತಿದೆ. ಹಡ್ಸನ್ ಕೊಲ್ಲಿಯ ಮಂಜು ಮೊದಲಿಗಿಂತ ಬೇಗ ಕರಗುತ್ತದೆ, ತಡವಾಗಿ ಕಟ್ಟುತ್ತದೆ. 1980ರ ದಶಕಕ್ಕೆ ಹೋಲಿಸಿದರೆ ಕರಡಿಗಳು ಈಗ ಮೂರು ನಾಲ್ಕು ವಾರ ಹೆಚ್ಚಾಗಿ ನೆಲದ ಮೇಲೆ ಕಳೆಯುತ್ತಿವೆ. ಮೂರು ವಾರ ಎಂದರೆ ನಮಗೆ ಏನೂ ಅಲ್ಲ. 2019ರಿಂದ 2022ರವರೆಗೆ ವಿಜ್ಞಾನಿಗಳು ಈ ಸೀಮೆಯ 20 ಕರಡಿಗಳ ಕೊರಳಿಗೆ ಚಿಕ್ಕ ಕ್ಯಾಮರಾ ಕಟ್ಟಿ ಬೇಸಗೆಯಲ್ಲಿ ಅವು ಏನು ತಿನ್ನುತ್ತವೆ, ಏನು ಮಾಡುತ್ತವೆ ಎಂದು ನೋಡಿದರು. ಕೆಲವು ಹಣ್ಣು ಮೇದವು, ಹುಲ್ಲು ತಿಂದವು, ಸತ್ತ ಹಕ್ಕಿಯ ಮೂಳೆ ಕಡಿದವು. ಕೆಲವು ಬಿದ್ದುಕೊಂಡೇ ಇದ್ದವು. ಏನೇ ಮಾಡಿದರೂ ಅವುಗಳಲ್ಲಿ 19 ತೂಕ ಕಳೆದುಕೊಂಡವು. ದಿನಕ್ಕೆ ಸುಮಾರು ಒಂದು ಕಿಲೋ. ಆ ಲೆಕ್ಕದಲ್ಲಿ ಮೂರು ವಾರವೆಂದರೆ ಇಪ್ಪತ್ತು ಕಿಲೋ. 1980ರ ದಶಕದಲ್ಲಿ ಈ ಪಶ್ಚಿಮ ತೀರದ ಹಿಮಕರಡಿಗಳು ಸುಮಾರು 1,200 ಇದ್ದವು. 2016ರ ಎಣಿಕೆಯಲ್ಲಿ 842. 2021ರಲ್ಲಿ 618.

ಊರಿಗೆ ಇದರಿಂದ ಎರಡು ಬಗೆಯ ಚಿಂತೆ. ಕರಡಿ ಕಡಮೆಯಾದರೆ ಊರಿನ ಜೀವನೋಪಾಯ ಕಡಮೆಯಾಗುತ್ತದೆ. ಇದ್ದಷ್ಟು ಕರಡಿ ಹೆಚ್ಚು ಹಸಿದರೆ ಬೀದಿಗೆ ಬರುವುದು ಹೆಚ್ಚಾಗುತ್ತದೆ. ಕತ್ತಲಲ್ಲಿ, ಹಿಮ ಸುರಿಯುವಾಗ ದೂರದಿಂದಲೇ ಕರಡಿಯನ್ನು ಗುರುತಿಸಲು ಇತ್ತೀಚೆಗೆ ರೇಡಾರ್ ಯಂತ್ರಗಳನ್ನು ಪರೀಕ್ಷಿಸಿ ನೋಡುತ್ತಿದ್ದಾರೆ. ಹಿಮಕರಡಿ ಅಳಿಯುವ ಮುನ್ನ ಒಮ್ಮೆ ಕಣ್ಣಾರೆ ಕಾಣಬೇಕೆಂದು ಸಾವಿರಾರು ಮೈಲಿ ವಿಮಾನದಲ್ಲಿ ಬರುವ ಪ್ರವಾಸಿಗಳೂ ಆ ಬಿಸಿಗೆ ತಮ್ಮ ಪಾಲಿನ ಹೊಗೆಯನ್ನು ಸೇರಿಸಿಯೇ ಬರುತ್ತಾರೆಂಬುದು ಊರಿನವರಿಗೆ ಗೊತ್ತು. ಅದನ್ನು ಎದುರಿಗೆ ಆಡುವುದಿಲ್ಲ, ಅತಿಥಿಗಳಲ್ಲವೆ?

ನವೆಂಬರಿನ ಕೊನೆಯ ಹೊತ್ತಿಗೆ ಕೊಲ್ಲಿ ಬೆಳ್ಳಗಾಗುತ್ತದೆ. ಸೆರೆಮನೆಯ ಕೋಣೆಗಳು ಬರಿದಾಗುತ್ತವೆ. ತೀರದಲ್ಲಿ ಕಾದಿದ್ದ ಗಂಡು ಕರಡಿಗಳು ಮಂಜಿನ ಮೇಲೆ ಒಂದು ಕಾಲಿಟ್ಟು ಪರೀಕ್ಷಿಸಿ, ತಾಳಿತೆಂದು ಕಂಡ ಮೇಲೆ ಹಿಂದಿರುಗಿ ನೋಡದೆ ಹೊರಟುಹೋಗುತ್ತವೆ. ಬಸುರಿ ಹೆಣ್ಣುಗಳು ಮಾತ್ರ ಹೋಗುವುದಿಲ್ಲ. ಊರಿನ ದಕ್ಷಿಣಕ್ಕೆ ವಪುಸ್ಕ್ ಎಂಬ ರಾಷ್ಟ್ರೀಯ ವನವಿದೆ. ಕ್ರೀ ಭಾಷೆಯಲ್ಲಿ 'ಬಿಳಿಯ ಕರಡಿ' ಎಂದರ್ಥ. ಅಲ್ಲಿ ಹಳೆಯ ಹುಲ್ಲುಮಣ್ಣಿನ ದಡಗಳಲ್ಲಿ ತಲೆಮಾರುಗಳಿಂದ ತೋಡಿದ ಗವಿಗಳೊಳಗೆ ಅವು ಹೊಕ್ಕು ಮಲಗುತ್ತವೆ. ಚಳಿಗಾಲದ ನಡುವೆ ಮರಿ ಹುಟ್ಟುತ್ತವೆ. ಹುಟ್ಟಿದಾಗ ಒಂದೊಂದು ಮುಕ್ಕಾಲು ಕಿಲೋ ಕೂಡ ತೂಗುವುದಿಲ್ಲ. ತಾಯಿ ಅವುಗಳಿಗೆ ಹಾಲೂಡಿಸುತ್ತಾಳೆ. ತಾನು ಜುಲೈ ತಿಂಗಳಿನಿಂದ ಏನನ್ನೂ ತಿಂದಿಲ್ಲ. ಮಾರ್ಚ್ ತಿಂಗಳಲ್ಲಿ ಗವಿಯ ಬಾಯಿಯ ಹಿಮವನ್ನು ಒಡೆದು ಹೊರಬಂದು, ಎರಡು ಮರಿಗಳನ್ನು ಹಿಂದಿಟ್ಟುಕೊಂಡು ಹತ್ತಾರು ಕಿಲೋಮೀಟರು ದೂರದ ಸಮುದ್ರದ ಕಡೆಗೆ ಹೊರಡುತ್ತಾಳೆ. ಮರಿಗಳು ದಣಿದಾಗ ಗಾಳಿಗೆ ಬೆನ್ನು ಕೊಟ್ಟು ಕುಳಿತು, ಅವುಗಳನ್ನು ಮಡಿಲಿಗೆ ಎಳೆದುಕೊಂಡು, ಮತ್ತೆ ಹಾಲು ಕೊಡುತ್ತಾಳೆ. ಆಮೇಲೆ ಎದ್ದು ನಡೆಯುತ್ತಾಳೆ.